ಉಪಯೋಗ: ತಿಳಿದುಬಂದಿಲ್ಲ

ನನ್ನ ತಂಗಿಯ ಮಗಳು ಹುಟ್ಟಿದಾಗ ಅಳಲಿಲ್ಲ. ದಾದಿ ಬೆನ್ನಿಗೆ ಒಂದೇಟು ತಟ್ಟಿದಳು. ಕೂಸು ಕತ್ತು ತಿರುಗಿಸಿ, ದಾದಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೆ?" ಎಂದಿತು. ಬಾಗಿಲಾಚೆ ನಿಂತು ನಾನೇ ಕಿವಿಯಾರೆ ಕೇಳಿದ್ದೇನೆ. ತಂಗಿ ಇದೆಲ್ಲ ಸುಳ್ಳು ಅನ್ನುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ಮೈಮೇಲೆ ಪ್ರಜ್ಞೆ ಇದ್ದರಲ್ಲವೇ ಗೊತ್ತಾಗುವುದು? ಅಂತೂ ಅವತ್ತಿನಿಂದ ಆ ಹುಡುಗಿ ನಮಗೆಲ್ಲ ಯಾಕಮ್ಮ. ಶಾಲೆಯ ದಾಖಲೆಯಲ್ಲಿ ಬೇರೆ ಏನೋ ಇದೆ, ಈಗ ಯಾರಿಗೂ ನೆನಪಿಲ್ಲ.

ಸೊನ್ನೆಯಿಂದ ಭಾಗಿಸಬಾರದು ಯಾಕೆ ಎಂದು ಅವಳು ಕೇಳಿದ ದಿನ ಗಣಿತದ ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಈಗ ಬಂದೆ ಅಂತ ಹೊರಗೆ ಹೋದವರು ಇನ್ನೂ ಬಂದಿಲ್ಲ. ಇಂಥವಳು ಮುಂದೆ ಓದಿದ್ದು ಇತಿಹಾಸ. ಅದರಲ್ಲೂ ರಾಜರ ಇತಿಹಾಸ ಅಲ್ಲ, ಸಾಮಾನುಗಳ ಇತಿಹಾಸ. ಸೌಟು ಎಲ್ಲಿಂದ ಬಂತು, ಕೊಡೆಗೆ ಮಡಿಕೆ ಯಾರು ಹಾಕಿದರು, ಇಂಥವು. ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ತಂಗಿಯನ್ನು ಕೇಳುತ್ತಿದ್ದರು: "ಅಲ್ಲ, ಇದರಿಂದ ಏನು ಉಪಯೋಗ?" ಪಾಪ, ಅವಳಿಗೂ ಗೊತ್ತಿರಲಿಲ್ಲ. "ಇನ್ನೂ ಓದ್ತಾ ಇದಾಳೆ" ಎಂದು ಸೆರಗು ಸರಿಮಾಡಿಕೊಂಡು ಬರುತ್ತಿದ್ದಳು.

ಯಾಕಮ್ಮನ ಅಪ್ಪನದು ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ. ಬಾಗಿಲ ಮೇಲೆ ಆಳೆತ್ತರದ ತಗಡಿನ ಕನ್ನಡಕ ನೇತಾಡುತ್ತದೆ. ಗಾಳಿ ಬಂದರೆ ಅದು ಕಿರುಗುಟ್ಟುವ ಸದ್ದಿಗೆ ಪಕ್ಕದ ಬೀದಿಯವರು ಎದ್ದು ಬಾಗಿಲು ತೆಗೆಯುತ್ತಾರೆ. ಒಬ್ಬಳೇ ಮಗಳು, ಓದು ಮುಗಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ತಾನು ಒಳಗೆ ನೆಮ್ಮದಿಯಾಗಿ ಗಾಜು ಉಜ್ಜಬಹುದು ಎಂಬುದು ಆತನ ಆಸೆ. ಅದೇನು ದೊಡ್ಡ ಆಸೆಯಲ್ಲ. ಹಾಗಿರುವಾಗ ಒಂದು ದಿನ ಊರಿನ ಮ್ಯೂಸಿಯಂನಿಂದ ಯಾಕಮ್ಮನಿಗೆ ಫೆಲೋಶಿಪ್ ಸಿಕ್ಕಿತು.

ತಂಗಿ ಲಕೋಟೆ ಹಿಡಿದುಕೊಂಡು ನನ್ನ ಮನೆಗೇ ಬಂದಳು. ಮುಖ ಕೆಂಪಾಗಿತ್ತು.

"ಅಣ್ಣ, ನೋಡು ಇಲ್ಲಿ! ನನ್ನ ಮಗಳನ್ನ ಫೆಲೋ ಅಂತ ಬರೆದಿದಾರೆ. ಹೆಣ್ಣುಮಗಳಿಗೆ ಫೆಲೋ ಅನ್ನೋದಾ?"

"ಅದು ಮರ್ಯಾದೆಯ ಪದ ಕಣೇ. ಓದಿದವರಿಗೆ ಕೊಡೋದು."

"ನನಗೆ ಹೇಳ್ಬೇಡ. ಈ ಪದ ನಾನು ಕೇಳಿರೋದೆಲ್ಲ ಅಪ್ಪನ ಬಾಯಲ್ಲಿ. ಅವರು ಹೇಳಿದಾಗಲೆಲ್ಲ ಅದರ ಮುಂದೆ 'ಯೂಸ್‌ಲೆಸ್' ಇತ್ತು, ಎದುರಿಗೆ ನೀನು ನಿಂತಿದ್ದೆ."

ಯಾಕಮ್ಮನೇ ಬಂದು ಬಿಡಿಸಿ ಹೇಳಿದಳು. ಒಂದು ವರ್ಷ ಮ್ಯೂಸಿಯಂನಲ್ಲಿ ಕೂತು ಅಲ್ಲಿನ ಯಾವುದಾದರೂ ಸಂಗ್ರಹವನ್ನು ಅಧ್ಯಯನ ಮಾಡಬೇಕು, ವರ್ಷದ ಕೊನೆಗೆ ಅದರದೊಂದು ಪ್ರದರ್ಶನ ಏರ್ಪಡಿಸಬೇಕು. ನಿರ್ದೇಶಕರು ಮೆಚ್ಚಿ ಬರೆದರೆ ಇನ್ನೂ ಎರಡು ವರ್ಷ, ಆಮೇಲೆ ಕ್ಯುರೇಟರ್, ಅಂದರೆ ಸಂಗ್ರಹ ನೋಡಿಕೊಳ್ಳುವ ಕಾಯಂ ಕೆಲಸ. ಮೆಚ್ಚದಿದ್ದರೆ ನಮಸ್ಕಾರ.

"ಈ ವರ್ಷ ಫೆಲೋ. ಮುಂದಿನ ವರ್ಷ?" ಅಂದ ಅವಳ ಹಿಂದೆಯೇ ಬಂದಿದ್ದ ಅಪ್ಪ.

"ಹಲೋ," ಅಂದೆ ನಾನು.

ಯಾರೂ ನಗಲಿಲ್ಲ. ಆತ ಮಗಳ ಕಡೆ ತಿರುಗಿ, "ಒಂದು ವರ್ಷ ಹೋಗಿ ಬಾ. ಅವರು ಉಳಿಸಿಕೊಂಡರೆ ನಾನು ಕೇಳೋದಿಲ್ಲ. ಉಳಿಸಿಕೊಳ್ಳದಿದ್ದರೆ ಅಂಗಡಿ. ಆಗ ಯಾಕೆ ಅನ್ನಬಾರದು" ಅಂದ. ಅವಳು ಹುಟ್ಟಿದ ಮೇಲೆ ಮೊದಲ ಸಲ "ಆಯ್ತು" ಅಂದಳು.

ಆ ಮ್ಯೂಸಿಯಂ ಬಗ್ಗೆ ಹೇಳಬೇಕು. ದೊಡ್ಡ ಹಜಾರ, ಎತ್ತರದ ಕಿಟಕಿ, ಕಾಲಿಟ್ಟರೆ ಕೀರ್ ಎನ್ನುವ ಮರದ ನೆಲ. ಹಜಾರದ ಗೋಡೆಗೆ ಬೀರುವಿನಷ್ಟು ದೊಡ್ಡ ಗಡಿಯಾರವೊಂದು, ಸೂರಿನ ಹತ್ತಿರ. ಅದು ನಾಲ್ಕೂ ಹತ್ತಕ್ಕೆ ನಿಂತು ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ನಾಲ್ಕೂ ಹತ್ತು ಅಲ್ಲಿನ ಚಹಾದ ಹೊತ್ತು. ಹಾಗಾಗಿ ಸಿಬ್ಬಂದಿ ಯಾವಾಗ ತಲೆಯೆತ್ತಿ ನೋಡಿದರೂ ಚಹಾದ ಹೊತ್ತೇ ಆಗಿರುತ್ತಿತ್ತು. ನಿಯಮ ಮೀರುವವರಲ್ಲ, ಪಾಪ, ಎದ್ದು ಹೋಗುತ್ತಿದ್ದರು. ಹೊತ್ತು ಸರಿಯದ ಕಾರಣ ಅಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ ಅಂತ ಕೂಡ ಹೇಳುತ್ತಾರೆ. ಬಾಗಿಲು ಕಾಯುವವನನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಅವನ ಮೀಸೆ ಆವರೆಗೂ ಇದ್ದಿಲಿನ ಹಾಗೆ ಕಪ್ಪಗಿತ್ತು.

ಅಲ್ಲಿ ಆಳುವವಳು ನಂಬರ್ ಅಕ್ಕ. ಉಗ್ರಾಣ ಅವಳದು. ಕೂದಲೆಳೆಯಂಥ ಕುಂಚ, ಒಂದು ಶೀಶೆ ಬಿಳಿ ಬಣ್ಣ, ಮೂಗಿನ ತುದಿಗೆ ಕನ್ನಡಕ (ನಮ್ಮ ಅಂಗಡಿಯದೇ). ಒಳಗೆ ಬಂದ ಪ್ರತಿ ವಸ್ತುವಿಗೂ ಕಾಣದ ಹಾಗೆ ಒಂದು ಮೂಲೆಯಲ್ಲಿ ನಂಬರ್ ಬರೆಯುವುದು ಅವಳ ಕೆಲಸ. ಎಷ್ಟು ಚುರುಕು ಅಂದರೆ, ಅಲ್ಲಿ ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ಅಪಾಯ. ನಾನು ಅಲ್ಲಿಂದ ಮನೆಗೆ ಬಂದ ಮೇಲೆ ಕನ್ನಡಿ ಹಿಡಿದು ಕಿವಿಯ ಹಿಂದೆ ನೋಡಿಕೊಳ್ಳುತ್ತೇನೆ. ಯಾಕಮ್ಮ ಮೊದಲ ದಿನ ತಗೊಂಡು ಹೋದ ಟಿಫಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದಾಳೆ. ಬರುವಷ್ಟರಲ್ಲಿ ತಳಕ್ಕೆ ನಂಬರ್ ಬಿದ್ದಿತ್ತು. ಬಿದ್ದ ಮೇಲೆ ಮುಗಿಯಿತು. ಡಬ್ಬಿ ಈಗಲೂ ಅಲ್ಲೇ ಇದೆ, ಲೋಹದ ಪಾತ್ರೆಗಳ ವಿಭಾಗದಲ್ಲಿ.

ಯಾಕೆಂದರೆ ಅಕ್ಕನದೊಂದು ನಿಯಮವಿತ್ತು: ನಂಬರ್ ಬಿದ್ದ ವಸ್ತು ಇನ್ನು ಕೆಲಸ ಮಾಡುವ ಹಾಗಿಲ್ಲ. ಮುಟ್ಟಬಹುದು, ಕೈಗವಸು ಹಾಕಿಕೊಂಡು, ಒರೆಸಬಹುದು, ಬಳಸಬಾರದು. ಮಳೆ ಬಂದು ಸೂರು ಸೋರಿದಾಗ ಅಕ್ಕ ಕೊಡೆಗಳ ಬೀರುವಿನ ಪಕ್ಕದಲ್ಲೇ ನಿಂತು ತೊಪ್ಪೆಯಾಗಿ ನೆನೆದದ್ದುಂಟು. ಕರೆಂಟು ಹೋದರೆ ಇಡೀ ಸಿಬ್ಬಂದಿ ದೀಪಗಳ ವಿಭಾಗದಲ್ಲಿ ಕತ್ತಲಲ್ಲಿ ಕೂರುತ್ತಿತ್ತು.

ನಿರ್ದೇಶಕರ ಹೆಸರು ಬಹುಶಃ ಸಾರ್. ಹುಟ್ಟಿದ ಹೆಸರಲ್ಲ, ಗಳಿಸಿದ್ದು. ಆ ಪದವಿಲ್ಲದೆ ಅವರ ಬಾಯಿಂದ ವಾಕ್ಯ ಹೊರಡುವುದಿಲ್ಲ. ಫೋನಿನಲ್ಲಿ "ಯಾರು ಮಾತಾಡೋದು?" ಅಂದರೆ "ಬಹುಶಃ ನಾನು" ಅನ್ನುತ್ತಾರೆ. ಮದುವೆಯಲ್ಲಿ ಹುಡುಗಿ ಒಪ್ಪಿಗೆಯೇ ಎಂದು ಕೇಳಿದ್ದಕ್ಕೂ ಹಾಗೇ ಹೇಳಿದ್ದರು, ಅವರ ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಒಳ್ಳೆಯ ಮನುಷ್ಯರು. ಒಂದಾನೊಂದು ಕಾಲದಲ್ಲಿ ಅವರೂ ಅದೇ ಮ್ಯೂಸಿಯಂಗೆ ಫೆಲೋ ಆಗಿ ಬಂದು ಮೇಲೇರಿದವರು.

ಯಾಕಮ್ಮ ತನ್ನ ಅಧ್ಯಯನಕ್ಕೆ ಆರಿಸಿಕೊಂಡದ್ದು ಹಿಂದಿನ ಕೋಣೆಯ ಒಂದು ಬೀರು. ಒಳಗೆ ತಿರುಚಿದ ತಂತಿಗಳು, ಹಿಡಿಯಿಲ್ಲದ ಏನೋ, ಏನೂ ಇಲ್ಲದ ಹಿಡಿ, ಬಾಯಿಯಿಲ್ಲದ ಇಕ್ಕಳ. ಎಲ್ಲದರ ಚೀಟಿಯಲ್ಲೂ ಒಂದೇ ಒಕ್ಕಣೆ: 'ಉಪಯೋಗ: ತಿಳಿದುಬಂದಿಲ್ಲ.'

"ಇದರಲ್ಲಿ ಏನು ಕಂಡೆಯಮ್ಮ?" ಅಂತ ಕೇಳಿದೆ.

"ನಮ್ಮವರು ಅನ್ನಿಸ್ತು ಮಾವ," ಅಂದಳು.

ಆ ಬೀರುವಿನ ರಾಜ ಒಂದು ಕಬ್ಬಿಣದ ಕೋಲು. ಮೊಳಕ್ಕಿಂತ ಗಿಡ್ಡ, ಒಂದು ತುದಿಗೆ ತಿರುಗಿಸಲು ಹಿಡಿ, ಇನ್ನೊಂದು ತುದಿಯಲ್ಲಿ ಚೌಕಾಕಾರದ ಟೊಳ್ಳು. ಅದರ ಚೀಟಿಯಲ್ಲಿ ಮಾತ್ರ ಇನ್ನೊಂದು ಸಾಲು ಹೆಚ್ಚಿಗೆ ಇತ್ತು: 'ಬಹುಶಃ ಹಲ್ಲು ಕೀಳಲು.' ಬರೆದವರು ಯಾರೆಂದು ಹೇಳಬೇಕಾಗಿಲ್ಲ. ನಿರ್ದೇಶಕರು ಫೆಲೋ ಆಗಿದ್ದಾಗ ಅದರ ಮೇಲೆ ಒಂದು ದೊಡ್ಡ ಪ್ರಬಂಧವನ್ನೇ ಬರೆದಿದ್ದರು. ಅವರಿಗೆ ಕೆಲಸ ಕೊಡಿಸಿದ್ದು ಅದೇ. ದಂತವೈದ್ಯರು ಕರೆದು ಭಾಷಣ ಮಾಡಿಸಿದ್ದರು. ಭಾಷಣ ಕೇಳಿದವರಲ್ಲಿ ಅರ್ಧ ಜನರ ಹಲ್ಲುನೋವು ಹೆದರಿಕೆಗೇ ವಾಸಿಯಾಯಿತಂತೆ.

ವರ್ಷವೆಲ್ಲ ಯಾಕಮ್ಮ ಆ ಬೀರುವಿನ ಮುಂದೆ ಕೂತಳು. ಪ್ರತಿಯೊಂದನ್ನೂ ಅಳೆದು, ತೂಗಿ, ಎಲ್ಲ ಮಗ್ಗುಲಿಂದ ಚಿತ್ರ ಬರೆದಳು. ಆ ಚೌಕದ ಟೊಳ್ಳನ್ನು ಎಷ್ಟು ಸಲ ಬರೆದಳೆಂದರೆ ಊಟಕ್ಕೆ ಕೂತಾಗ ಬೆರಳು ತಟ್ಟೆಯ ಮೇಲೆ ತಾನಾಗಿ ಚೌಕ ಎಳೆಯುತ್ತಿತ್ತು. ಕೆಲವುಗಳ ಉಪಯೋಗ ಪತ್ತೆಯಾಯಿತು. ಬಾಯಿಯಿಲ್ಲದ ಇಕ್ಕಳ ಟೋಪಿ ಹೊಲಿಯುವವರದು. ತಿರುಚಿದ ತಂತಿ ಶೀಶೆ ತೊಳೆಯುವುದು. ಉಳಿದವನ್ನು ಉಳಿದ ಹಾಗೇ ತೋರಿಸುವುದು, ನೋಡಲು ಬಂದವರು ತಮಗೆ ತೋಚಿದ್ದನ್ನು ಹೇಳಲಿ, ಇದು ಅವಳ ಪ್ರದರ್ಶನದ ಉಪಾಯ.

ಪ್ರದರ್ಶನಕ್ಕೆ ಇನ್ನೆರಡು ದಿನ ಇತ್ತು. ಹಜಾರದ ಗೋಡೆಗೆ ಬಟ್ಟೆಯ ಬ್ಯಾನರ್ ಕಟ್ಟಲು ಯಾಕಮ್ಮ ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದುಕೊಂಡವನು ನಾನು. ಮೊಳೆ ಹೊಡೆಯುವ ಸದ್ದು ಬರಲಿಲ್ಲ. ತಲೆಯೆತ್ತಿ ನೋಡಿದರೆ ಅವಳು ಆ ನಿಂತ ಗಡಿಯಾರದ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾಳೆ.

"ಮಾವ, ಇದರ ಮುಖದಲ್ಲಿ ಒಂದು ತೂತಿದೆ."

"ವಯಸ್ಸಾಯ್ತಲ್ಲ, ಇರುತ್ತೆ."

"ತೂತಿನೊಳಗೆ ಮೊಳೆ ತಲೆ ಇದೆ. ಚೌಕಾಕಾರದ್ದು." ಆಮೇಲೆ ಗಡಿಯಾರವನ್ನೇ ಕೇಳಿದಳು: "ಯಾಕೆ?"

ಏಣಿ ಇಳಿದಳೋ ಬಿದ್ದಳೋ ನನಗೆ ತಿಳಿಯಲಿಲ್ಲ. ಹಿಂದಿನ ಕೋಣೆಗೆ ಓಡಿ ಅಳತೆಕಡ್ಡಿ ತಂದು ಮತ್ತೆ ಹತ್ತಿದಳು. ಅಳತೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ಕಬ್ಬಿಣದ ಕೋಲು ಹಲ್ಲು ಕೀಳುವ ಸಾಧನ ಅಲ್ಲ. ಆ ಗಡಿಯಾರಕ್ಕೆ ಕೀ ಕೊಡುವ ಕೀಲಿ. ಯಾವುದೋ ಕಾಲದಲ್ಲಿ ಗೋಡೆಗೆ ಬಣ್ಣ ಬಳಿಯುವಾಗ ಯಾರೋ ಕೀಲಿಯನ್ನು ಮೇಜಿನ ಮೇಲಿಟ್ಟಿದ್ದಾರೆ, ನಂಬರ್ ಅಕ್ಕನಿಗೂ ಹಿಂದಿನ ನಂಬರ್ ಅಕ್ಕ ಆ ದಾರಿಯಲ್ಲಿ ಬಂದಿದ್ದಾಳೆ. ಟಿಫಿನ್ ಡಬ್ಬಿಯ ಗತಿಯೇ ಅದಕ್ಕೂ ಆಗಿದೆ.

ಮಧ್ಯಾಹ್ನ ಕನ್ನಡಕದ ಅಂಗಡಿಯಲ್ಲಿ ನಾವು ನಾಲ್ವರೂ ಸೇರಿದೆವು. ತಂಗಿ ಊಟದ ಬುತ್ತಿ ತಂದಿದ್ದಳು. ಯಾಕಮ್ಮ ಮುಟ್ಟಲಿಲ್ಲ.

"ಹೇಳಿದರೆ ಸಾರ್ ಬರೆದ ಪ್ರಬಂಧ ಹೋಯ್ತು. ಅವರೇ ನನ್ನ ಕಾಗದಕ್ಕೆ ಸಹಿ ಹಾಕಬೇಕಾದವರು," ಅಂದಳು.

"ಹೇಳಲೇಬೇಡ," ಅಂದಳು ತಂಗಿ ತಟ್ಟನೆ. "ಹಲ್ಲು ಅಂತಲೇ ಇದ್ದುಕೊಳ್ಳಲಿ. ಹಲ್ಲಿಗೇನು ನಷ್ಟ? ಗಡಿಯಾರಕ್ಕೇನು ನಷ್ಟ? ಅದು ಆರಾಮಾಗಿ ನಿಂತಿದೆ. ಮೊದಲು ಸಹಿ ಬೀಳಲಿ, ಆಮೇಲೆ ಎರಡು ವರ್ಷ ಇದೆಯಲ್ಲ, ಯಾವತ್ತಾದರೂ ಮೆಲ್ಲಗೆ ಹೇಳು."

ತಂಗಿಯ ಬುದ್ಧಿಗೆ ನಾನು ಒಳಗೊಳಗೇ ತಲೆದೂಗಿದೆ. ಅವಳ ಗಂಡ ಮಾತ್ರ ಗಾಜು ಉಜ್ಜುವುದನ್ನು ನಿಲ್ಲಿಸಲಿಲ್ಲ. ಮಗಳು ಸುಮ್ಮನಿದ್ದರೆ ಸಹಿ ಬೀಳುತ್ತದೆ. ಹೇಳಿದರೆ ಅವಳು ಬಂದು ಕೂರುವುದು ಇದೇ ಅಂಗಡಿಯಲ್ಲಿ, ಅವನು ಬಯಸಿದ ಹಾಗೆ. ಬಾಯಿ ಬಿಟ್ಟರೆ ಯಾವ ಕಡೆಗೆ ಮಾತಾಡಿದರೂ ತಪ್ಪಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಗಾಜನ್ನು ಬೆಳಕಿಗೆ ಹಿಡಿದು ಹೇಳಿದ:

"ಇಲ್ಲಿ ಬರೋರೆಲ್ಲ ಬರೋದು ಕಾಣಲಿ ಅಂತ. ಕಂಡದ್ದನ್ನ ಕಾಣಲಿಲ್ಲ ಅನ್ನೋಳು ನನ್ನ ಅಂಗಡಿಗೂ ಬೇಡ."

ತಂಗಿ ಅವನನ್ನು ದುರುಗುಟ್ಟಿ ನೋಡಿದಳು. ಯಾಕಮ್ಮ ಬುತ್ತಿ ಬಿಚ್ಚಿ ಉಣ್ಣತೊಡಗಿದಳು. ನಾಲ್ವರ ಪಾಲನ್ನೂ ಅವಳೇ ಮುಗಿಸಿದಳು, ಉತ್ಪ್ರೇಕ್ಷೆಯಲ್ಲ.

ಮಾರನೆಯ ಬೆಳಿಗ್ಗೆ ನಿರ್ದೇಶಕರ ಕೋಣೆ. ನಾನು ಬ್ಯಾನರಿನ ಹಗ್ಗ ಹಿಡಿದು ಬಾಗಿಲಲ್ಲೇ ನಿಂತೆ. ಯಾಕಮ್ಮ ಬಟ್ಟೆ ಹಾಸಿದ ತಟ್ಟೆಯಲ್ಲಿ ಕೋಲನ್ನಿಟ್ಟು, ಎರಡು ಚಿತ್ರಗಳನ್ನು ಪಕ್ಕಪಕ್ಕ ಹರಡಿ ಹೇಳಿಬಿಟ್ಟಳು. ನಿರ್ದೇಶಕರು ಕೋಲು ನೋಡಿದರು. ಚಿತ್ರ ನೋಡಿದರು. ತೆರೆದ ಬಾಗಿಲಿನಿಂದ ಹಜಾರದ ಗಡಿಯಾರ ನೋಡಿದರು. ಇಷ್ಟು ನೋಡುವುದಕ್ಕೆ ಅವರು ತೆಗೆದುಕೊಂಡ ಹೊತ್ತಿನಲ್ಲಿ ನನ್ನ ಗಡ್ಡ ಬೆಳೆದು ಎದೆ ಮುಟ್ಟಿತು.

"ಇಷ್ಟು ವರ್ಷ ಅದರ ಕೆಳಗೇ ಓಡಾಡಿದೀನಿ," ಅಂದರು, ಬಹುಶಃ ಸೇರಿಸುವುದನ್ನೂ ಮರೆತು. "ಯಾಕೆ ಹೇಳಿದ್ರಿ?"

ಜೀವನದಲ್ಲಿ ಮೊದಲ ಸಲ ಬೇರೆಯವರು ಅವಳಿಗೆ ಯಾಕೆ ಅಂದಿದ್ದರು. "ಕಾಣಿಸ್ತು ಸಾರ್," ಅಂದಳು.

ಅವರು ಕೋಲನ್ನು ಕೈಗವಸಿನ ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. "ನನ್ನ ಪ್ರಬಂಧದಲ್ಲಿ ನಾನು ಏನಂದಿದ್ದೆ? ಇದು ಬಹುಶಃ ಹಲ್ಲಿಗೆ ಸಂಬಂಧಪಟ್ಟದ್ದು ಅಂತ. ಗಡಿಯಾರದ ಚಕ್ರಕ್ಕೆ ಏನಿರುತ್ತೆ?"

"ಹಲ್ಲು, ಸಾರ್."

"ಅಲ್ಲಿಗೆ ಹಲ್ಲು ಸರಿ. ಕೀಳೋದು ಅಂದಿದ್ದೆ, ಕೀಲಿ ಆಯ್ತು. ಳ ಇದ್ದದ್ದು ಲ ಆಯ್ತು, ಅಷ್ಟೆ." ಹೀಗೆ ಹೇಳಿ ನಗಲು ಶುರುಮಾಡಿದ ಆ ಮನುಷ್ಯ ಮೇಜು ಹಿಡಿದುಕೊಂಡು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ನಗು ನಿಂತ ಮೇಲೂ ಸ್ವಲ್ಪ ಹೊತ್ತು ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ನಾನು ಹಗ್ಗದ ಗಂಟು ಬಿಡಿಸುವವನ ಹಾಗೆ ಬೇರೆ ಕಡೆ ನೋಡಿದೆ.

"ಸರಿ, ಕೀ ಕೊಟ್ಟು ನೋಡೋಣ. ಅಕ್ಕನ್ನ ಕರೀರಿ."

ನಂಬರ್ ಅಕ್ಕ ಬಂದಳು. ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು.

"ಆಗಲ್ಲ ಸಾರ್. ಕೋಲಿಗೆ ನಂಬರ್ ಬಿದ್ದಿದೆ. ಬಳಸೋ ಹಾಗಿಲ್ಲ."

"ಅದು ಗಡಿಯಾರದ ಕೀಲಿ ಅಕ್ಕ," ಅಂದಳು ಯಾಕಮ್ಮ.

"ಇರಬಹುದು ಕಣಮ್ಮ. ಗಡಿಯಾರ ಕಟ್ಟಡದ್ದು, ಕೀಲಿ ಸಂಗ್ರಹದ್ದು. ಇವತ್ತು ಕೀಲಿ ತಿರುಗಿಸ್ತೀರಿ. ನಾಳೆ ದೀಪ ಹಚ್ಚಿ ಅಂತೀರಿ. ನಾಡಿದ್ದು ನಿನ್ನ ಟಿಫಿನ್ ಡಬ್ಬಿ ಕೇಳ್ತೀಯ."

ನಿರ್ದೇಶಕರು ಬಾಯಿ ತೆರೆದರು, "ಬಹು—" ಅನ್ನುವಷ್ಟರಲ್ಲಿ ಮುಚ್ಚಿದರು. ಅಕ್ಕನ ಮುಂದೆ ಬಹುಶಃ ನಡೆಯುವುದಿಲ್ಲ. ಆಗ ಯಾಕಮ್ಮ ಕೇಳಿದಳು:

"ಅಕ್ಕ, ಟೀ ಪಾತ್ರೆಗೂ ಅದರ ಮುಚ್ಚಳಕ್ಕೂ ನಂಬರ್ ಹೇಗೆ ಹಾಕ್ತೀರಿ?"

"ಎರಡಕ್ಕೂ ಒಂದೇ. ಪಾತ್ರೆಗೆ ಅ, ಮುಚ್ಚಳಕ್ಕೆ ಆ. ಒಂದೇ ವಸ್ತುವಿನ ಎರಡು ಭಾಗ."

"ಮುಚ್ಚಳ ತೆಗೆದು ಪಾತ್ರೆ ಮೇಲೆ ಇಟ್ಟರೆ ಅದು ಬಳಸಿದ ಹಾಗಾ?"

"ಅಯ್ಯೋ, ಅದು ಬಳಸೋದಲ್ಲ. ಅದು ಜೋಡ—" ಅಕ್ಕ ಅರ್ಧಕ್ಕೇ ನಿಲ್ಲಿಸಿದಳು. ಗಡಿಯಾರ ನೋಡಿದಳು. ಕೋಲು ನೋಡಿದಳು. ಅವಳ ಮುಖದ ಮೇಲೆ ನಿಧಾನಕ್ಕೆ ಹರಡಿದ ಸಂತೋಷ ಏನು ಹೇಳಲಿ, ಅಷ್ಟು ದೊಡ್ಡ ವಸ್ತುವಿಗೆ ಅವಳು ಇದುವರೆಗೆ ನಂಬರ್ ಹಾಕಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಚ ಹಲ್ಲಲ್ಲಿ ಕಚ್ಚಿ ಏಣಿ ಹತ್ತಿ, ಗಡಿಯಾರದ ಕೆಳಮೂಲೆಯಲ್ಲಿ ಅದೇ ನಂಬರ್ ಬರೆದು ಪಕ್ಕಕ್ಕೆ 'ಅ' ಸೇರಿಸಿದಳು. ಕೆಳಗಿಳಿದು ಕೋಲಿನ ನಂಬರಿಗೆ 'ಆ' ಸೇರಿಸಿದಳು. ಬಣ್ಣ ಒಣಗಲು ಊದಿದಳು.

"ಈಗ ಜೋಡಿಸಿ," ಅಂದಳು.

ಬಾಗಿಲು ಕಾಯುವವನು ಹೊಲಿಗೆ ಯಂತ್ರದ ಎಣ್ಣೆ ತಂದು ಕೊಟ್ಟ. ನಿರ್ದೇಶಕರು ಏಣಿ ಹತ್ತಿ ಕೀಲಿ ತೂರಿಸಿದರು. ಅದು ಹೋಗಿ ಕೂತದ್ದು ಹೇಗೆಂದರೆ, ತವರಿಗೆ ಬಂದವಳು ಅಡುಗೆಮನೆಯ ಮಣೆಯ ಮೇಲೆ ಕೂತ ಹಾಗೆ. ಅವರು ತಿರುಗಿಸಿದರು. ಗಡಿಯಾರ ನರಳಿತು, ಕೆಮ್ಮಿತು, ಗಂಟಲಲ್ಲಿದ್ದ ಧೂಳನ್ನೆಲ್ಲ ನಮ್ಮ ತಲೆಯ ಮೇಲೆ ಉಗುಳಿತು. ಯಾಕಮ್ಮ ಅವರ ಹಿಂದೆಯೇ ಏಣಿ ಹತ್ತಿ, ಕೈ ಚಾಚಿ ಲೋಲಕವನ್ನು ಮೆಲ್ಲಗೆ ತಳ್ಳಿದಳು. ಟಿಕ್ ಅಂದಿತು. ಆಮೇಲೆ ಟಕ್ ಅನ್ನಲೋ ಬೇಡವೋ ಅಂತ ಯೋಚನೆ ಮಾಡಿದ ಹಾಗೆ ತಡೆದು, ಅಂದಿತು. ನಾಲ್ಕೂ ಹತ್ತು ಹೋಗಿ ನಾಲ್ಕೂ ಹನ್ನೊಂದಾಯಿತು. ಬಾಗಿಲು ಕಾಯುವವನ ಮೀಸೆಯಲ್ಲಿ ಒಂದು ಬಿಳಿ ಕೂದಲು ಕಾಣಿಸಿಕೊಂಡದ್ದನ್ನು ನಾನು ಇದೇ ಕಣ್ಣಿಂದ ಕಂಡೆ.

ಆ ದಿನ ಸಿಬ್ಬಂದಿಯ ಬೈಗುಳವೆಲ್ಲ ಯಾಕಮ್ಮನ ಪಾಲಿಗೆ. ಗಡಿಯಾರ ಓಡತೊಡಗಿದ ಮೇಲೆ ಚಹಾದ ಹೊತ್ತು ದಿನಕ್ಕೆ ಒಂದೇ ಸಲ ಬರುವುದಾಗಿತ್ತು.

ಪ್ರದರ್ಶನಕ್ಕೆ ಜನ ಬಂದರು. ಬಾರದೆ ಏನು, ಗಡಿಯಾರ ಗಂಟೆ ಹೊಡೆದ ಸದ್ದಿಗೆ ಅರ್ಧ ಊರು ಏನಾಯಿತೋ ಎಂದು ಓಡಿ ಬಂದಿತ್ತು. ಮಿಕ್ಕ ವಸ್ತುಗಳ ಮುಂದೆ ಸಾಲುಗಟ್ಟಿ ನಿಂತು ಒಬ್ಬೊಬ್ಬರು ಒಂದೊಂದು ಹೇಳಿದರು. ಏನೂ ಇಲ್ಲದ ಹಿಡಿಯನ್ನು ನೋಡಿ ಒಬ್ಬ ಮುದುಕಿ, "ಇದು ನಮ್ಮ ಯಜಮಾನರ ಥರ. ಹಿಡ್ಕೊಂಡು ನಿಲ್ಲಬಹುದು, ಅಷ್ಟೇ" ಅಂದಳು, ಪಕ್ಕದಲ್ಲೇ ನಿಂತಿದ್ದ ಯಜಮಾನ ಹೌದೆಂದು ತಲೆಯಾಡಿಸಿದ.

ಎಲ್ಲ ಮುಗಿದ ಮೇಲೆ ನಿರ್ದೇಶಕರು ಯಾಕಮ್ಮ ಬರೆದಿದ್ದ ಹೊಸ ಚೀಟಿಯ ಮುಂದೆ ಬಂದು ನಿಂತರು. 'ಗಡಿಯಾರದ ಕೀಲಿ' ಎಂದಿತ್ತು. ಜೇಬಿನಿಂದ ಪೆನ್ನು ತೆಗೆದು ಅದರ ಮೊದಲಿಗೆ ಒಂದು ಪದ ಸೇರಿಸಿದರು. 'ಬಹುಶಃ ಗಡಿಯಾರದ ಕೀಲಿ.'

"ಸಾರ್!" ಯಾಕಮ್ಮ ಕೂಗಿಯೇಬಿಟ್ಟಳು. "ಓಡ್ತಾ ಇದೆಯಲ್ಲ ಸಾರ್!"

"ಓಡ್ತಿದೆ. ಆದರೂ ನಾಳೆ ಬರೋ ಫೆಲೋಗೆ ಏನಾದರೂ ಉಳಿಸಬೇಡವೇ? ನನಗಿಂತ ಮುಂಚೆ ಇದ್ದವರು ನನಗೆ ಉಳಿಸಿದ್ದರು. ನಾನು ನಿಮಗೆ ಉಳಿಸಿದ್ದೆ." ಅದೇ ಪೆನ್ನಿನಲ್ಲಿ, ಅಲ್ಲೇ, ಗಾಜಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಅವಳ ಎರಡು ವರ್ಷಕ್ಕೆ ಸಹಿ ಹಾಕಿದರು. ಸಹಿಯ ಮೊದಲಿಗೆ ಮಾತ್ರ ಬಹುಶಃ ಇರಲಿಲ್ಲ. ನಾನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

ಯಾಕಮ್ಮನ ಅಪ್ಪ ಗಡಿಯಾರದ ಕೆಳಗೆ ಬಹಳ ಹೊತ್ತು ನಿಂತು, ತನ್ನ ಕೈಗಡಿಯಾರ ನೋಡಿ, ಮತ್ತೆ ಅದನ್ನು ನೋಡಿ, ತನ್ನದನ್ನೇ ತಿದ್ದಿಕೊಂಡ. ಈಗ ಅವನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು ನಾನು. ಗಿರಾಕಿಗಳು ಎದ್ದು ಹೋಗದ ಹಾಗೆ ಮಾತಾಡಿಸುತ್ತೇನೆ. ಕೆಲವರು ಹೋಗಲಾರದೆ ಎರಡೆರಡು ಕನ್ನಡಕ ಕೊಂಡದ್ದಿದೆ.

ಮೊನ್ನೆ ನೆರೆಯಾಕೆ ಒಬ್ಬಳು ಅಂಗಡಿಗೆ ಬಂದು, ತಂಗಿಯನ್ನು ಕಂಡು, ಹಳೇ ರಾಗ ತೆಗೆದಳು. "ನಿಮ್ಮ ಮಗಳು ಅದೇನೋ ಮಾಡ್ತಾಳಂತಲ್ಲ, ಅದರಿಂದ ಏನ್ರೀ ಉಪಯೋಗ?"

ತಂಗಿ ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ. ಕತ್ತೆತ್ತಿ, ಮ್ಯೂಸಿಯಂಗೇ ಒಡತಿಯ ಹಾಗೆ ಹೇಳಿದಳು:

"ಇನ್ನೂ ತಿಳಿದುಬಂದಿಲ್ಲ. ಎರಡು ವರ್ಷ ಇಟ್ಟುಕೊಂಡು ನೋಡ್ತಾರಂತೆ."